ಕಂತು ತಪ್ಪದೆ ಕಟ್ಟಿದವರ ಮನೆಯ ಬೆಲೆಯೂ ಯಾಕೆ ಬಿತ್ತು? ಲಾಸ್ ವೇಗಸ್ ಊರಿನ ಲೆಕ್ಕ

2008ರ ಕುಸಿತ ಅಂದ ಕೂಡಲೇ ನಮಗೆ ನೆನಪಾಗುವುದು ನ್ಯೂಯಾರ್ಕ್. ಲೀಮನ್ ಬ್ರದರ್ಸ್ ಅನ್ನುವ ದೊಡ್ಡ ಬ್ಯಾಂಕ್ ದಿವಾಳಿಯಾಯಿತು, ಶೇರುಪೇಟೆ ನೆಲ ಕಚ್ಚಿತು, ಬೆಂಗಳೂರಿನ ಐಟಿ ಕಂಪನಿಗಳೂ ಕೈ ಬಿಗಿ ಹಿಡಿದವು. ಇಷ್ಟು ಕಥೆ ಬಹಳ ಜನಕ್ಕೆ ಗೊತ್ತು. ಆದರೆ ಲೀಮನ್ ಮುಳುಗುವುದಕ್ಕೆ ಎರಡು ವರ್ಷ ಮೊದಲೇ ಅಮೆರಿಕದ ಪಶ್ಚಿಮದ ಮರುಭೂಮಿಯಲ್ಲಿರುವ ಲಾಸ್ ವೇಗಸ್‌ನಲ್ಲಿ ಮನೆ ಬೆಲೆ ಇಳಿಯಲು ಶುರುವಾಗಿತ್ತು. ಅಲ್ಲಿ ಒಂದು ತಿಂಗಳಲ್ಲಿ ಮಾರಾಟವಾದ ಮನೆಗಳನ್ನೆಲ್ಲ ಬೆಲೆಯ ಪ್ರಕಾರ ಸಾಲಾಗಿ ಬರೆದರೆ ನಟ್ಟನಡುವೆ ಬರುವ ಮನೆಯ ಬೆಲೆ 2006ರ ಜೂನ್‌ನಲ್ಲಿ 3,15,000 ಡಾಲರ್ ಇತ್ತು. 2012ರ ಜನವರಿಗೆ ಅದು 1,18,000 ಡಾಲರ್‌ಗೆ ಬಂದು ನಿಂತಿತ್ತು. ಅಂದರೆ 100 ರೂಪಾಯಿಯ ವಸ್ತು 38 ರೂಪಾಯಿಗೂ ಹೋಗದ ಹಾಗಾಯಿತು.

ಸಾಲ ಕಟ್ಟದವರ ಮನೆ ಹೋಯಿತು ಅಂದ್ರೆ ಅರ್ಥವಾಗುತ್ತದೆ. ಆದರೆ ಆ ಊರಿನಲ್ಲಿ ಒಂದು ಕಂತೂ ತಪ್ಪಿಸದೆ ಕಟ್ಟಿದ ಸಾವಿರಾರು ಕುಟುಂಬಗಳಿದ್ದವು. ಅವರ ಮನೆಗಳ ಬೆಲೆಯೂ ಅಷ್ಟೇ ಬಿತ್ತು. ಯಾಕೆ? ಇದಕ್ಕೆ ಉತ್ತರ ಸಿಕ್ಕರೆ ಇಡೀ ಕುಸಿತ ಅರ್ಥವಾದ ಹಾಗೆ.

ಇದು ನಮಗೆ ದೂರದ ವಿಷಯವೇನೂ ಅಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇ 4ರಿಂದ ಶೇ 6.5ಕ್ಕೆ ಏರಿಸಿತು. ಮನೆ ಸಾಲ ಮಾಡಿದ್ದ ಎಷ್ಟೋ ಜನ ಆಗ ಮೊದಲ ಸಲ ಬ್ಯಾಂಕಿನಿಂದ ಬಂದ ಪತ್ರವನ್ನು ಪೂರ್ತಿ ಓದಿದರು. ಪೇಪರಿನ ಒಳಪುಟಗಳಲ್ಲಿ ಸ್ವಾಧೀನ ನೋಟಿಸ್, ಇ-ಹರಾಜು ಪ್ರಕಟಣೆಗಳನ್ನೂ ನಾವು ದಿನಾ ನೋಡುತ್ತೇವೆ.

ಅಡಮಾನ ಅಂದರೆ ಏನು

ಮನೆ ಸಾಲದಲ್ಲಿ ಎರಡು ಮಾತುಗಳಿರುತ್ತವೆ. ಒಂದು, ತಿಂಗಳು ತಿಂಗಳು ಇಷ್ಟು ಕಟ್ಟುತ್ತೇನೆ ಅನ್ನುವ ಮಾತು. ಇನ್ನೊಂದು, ಕಟ್ಟದಿದ್ದರೆ ಈ ಮನೆ ಮಾರಿ ಹಣ ತೆಗೆದುಕೊಳ್ಳಿ ಅನ್ನುವ ಒಪ್ಪಿಗೆ. ಎರಡನೆಯದೇ ಅಡಮಾನ. ಆ ಒಪ್ಪಿಗೆಯನ್ನು ಸಾಲ ಕೊಟ್ಟವರು ಬಳಸಿ ಮನೆ ಹರಾಜು ಹಾಕುವುದಕ್ಕೆ ಅಮೆರಿಕದಲ್ಲಿ ಫೋರ್‌ಕ್ಲೋಷರ್ ಅನ್ನುತ್ತಾರೆ. ನಮ್ಮ ಬ್ಯಾಂಕುಗಳಲ್ಲಿ ಸಾಲವನ್ನು ಅವಧಿಗೆ ಮೊದಲೇ ತೀರಿಸುವುದಕ್ಕೂ ಇದೇ ಹೆಸರಿದೆ. ಇಲ್ಲಿ ಹೇಳುತ್ತಿರುವುದು ಹರಾಜಿನ ವಿಷಯ.

ಮನೆಯ ಬೆಲೆಯಲ್ಲಿ ಸಾಲದ ಬಾಕಿಯನ್ನು ಕಳೆದರೆ ಉಳಿಯುವುದು ಮನೆಯವರ ಸ್ವಂತ ಪಾಲು. 3 ಲಕ್ಷ ಡಾಲರ್ ಮನೆಗೆ 2 ಲಕ್ಷ ಬಾಕಿ ಇದ್ದರೆ 1 ಲಕ್ಷ ನಿಮ್ಮದು. ಅದೇ ಮನೆ 1.5 ಲಕ್ಷಕ್ಕೆ ಇಳಿದರೆ? ಮಾರಿದರೂ ಸಾಲ ತೀರುವುದಿಲ್ಲ. ಇನ್ನೂ 50 ಸಾವಿರ ಕೈಯಿಂದ ಹಾಕಬೇಕು. ಇಂಥ ಮನೆಗೆ ಅಲ್ಲಿ ಅಂಡರ್‌ವಾಟರ್ ಅನ್ನುತ್ತಾರೆ, ಅಂದರೆ ಸಾಲದಲ್ಲಿ ಮುಳುಗಿದ ಮನೆ. 2010ರ ಆರಂಭದಲ್ಲಿ ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದ ಪ್ರತಿ 10 ಮನೆ ಸಾಲಗಳಲ್ಲಿ ಸುಮಾರು 7 ಈ ಸ್ಥಿತಿಯಲ್ಲಿದ್ದವು.

ಮರುಭೂಮಿಯಲ್ಲಿ ಮನೆಗೆ ಅಷ್ಟು ಬೆಲೆ ಹೇಗೆ ಬಂತು

ಲಾಸ್ ವೇಗಸ್ ಇರುವ ಕ್ಲಾರ್ಕ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) 2000ರಲ್ಲಿ ಸುಮಾರು 13.75 ಲಕ್ಷ ಜನ ಇದ್ದರು. 2010ಕ್ಕೆ 19.5 ಲಕ್ಷ. ಕ್ಯಾಸಿನೊ, ಹೋಟೆಲ್‌ಗಳಲ್ಲಿ ಕೆಲಸ ಸಿಗುತ್ತಿತ್ತು. ಪಕ್ಕದ ಕ್ಯಾಲಿಫೋರ್ನಿಯಾಕ್ಕಿಂತ ಮನೆ ಅಗ್ಗ. ರಾಜ್ಯದ ಆದಾಯ ತೆರಿಗೆ ಇಲ್ಲ. ಜನ ಬಂದರು, ಬಂದವರಿಗೆ ಮನೆ ಬೇಕಾಯಿತು. ಮನೆ ಕಟ್ಟುವವರಿಗೂ ಇರಲು ಮನೆ ಬೇಕಾಯಿತು.

ಸುತ್ತ ಖಾಲಿ ಮರುಭೂಮಿ ಇದ್ದರೂ ಜಾಗ ಸುಲಭವಾಗಿ ಸಿಗುತ್ತಿರಲಿಲ್ಲ. ಊರಿನ ಸುತ್ತಲಿನ ಬಹುಪಾಲು ನೆಲ ಕೇಂದ್ರ ಸರ್ಕಾರದ್ದು. 1998ರ ಕಾನೂನಿನ ಪ್ರಕಾರ ಅದನ್ನು ಸ್ವಲ್ಪ ಸ್ವಲ್ಪವೇ ಹರಾಜು ಹಾಕುತ್ತಿದ್ದರು. ಬಿಲ್ಡರ್‌ಗಳು ಪೈಪೋಟಿಗೆ ಬಿದ್ದು ಕೊಂಡರು. ಇದೇ ಹೊತ್ತಿಗೆ ಅಮೆರಿಕದ ರಿಸರ್ವ್ ಬ್ಯಾಂಕ್ ಆದ ಫೆಡ್ ತನ್ನ ಬಡ್ಡಿ ದರವನ್ನು ಶೇ 1ಕ್ಕೆ ಇಳಿಸಿತ್ತು. 2003ರ ಜೂನ್‌ನಿಂದ ಒಂದು ವರ್ಷ ಅದು ಅಲ್ಲೇ ಇತ್ತು. ಸಾಲ ಅಗ್ಗ, ಜಾಗ ಕಮ್ಮಿ, ಜನ ಜಾಸ್ತಿ. 2004ರಲ್ಲಿ ಒಂದೇ ವರ್ಷಕ್ಕೆ ಮನೆ ಬೆಲೆ ಸುಮಾರು ಅರ್ಧದಷ್ಟು ಏರಿತು. ಆಮೇಲೆ ಕೊಂಡವರಲ್ಲಿ ವಾಸಕ್ಕೆ ಬಂದವರಷ್ಟೇ ಅಲ್ಲ, ಆರು ತಿಂಗಳು ಇಟ್ಟುಕೊಂಡು ಮಾರಿ ಲಾಭ ಮಾಡಲು ಬಂದವರೂ ಸೇರಿಕೊಂಡರು.

ಎರಡು ವರ್ಷ ಸಲೀಸು, ಮೂರನೇ ವರ್ಷ ಏಟು

ಬೆಲೆ ಏರಿದಷ್ಟು ಸಂಬಳ ಏರಲಿಲ್ಲ. ಆ ಕಂದಕ ಮುಚ್ಚಿದ್ದು ಹೊಸ ಬಗೆಯ ಸಾಲಗಳು. ಸಾಲ ತೀರಿಸಿದ ಇತಿಹಾಸ ಚೆನ್ನಾಗಿಲ್ಲದವರಿಗೆ ಕೊಡುವ ಸಾಲಕ್ಕೆ ಸಬ್‌ಪ್ರೈಮ್ ಅಂತ ಹೆಸರು. ಅದರಲ್ಲಿ ಬಹಳ ಓಡಿದ್ದು ಎರಡು ವರ್ಷ ಒಂದೇ ಬಡ್ಡಿ, ಆಮೇಲೆ 28 ವರ್ಷ ಮಾರುಕಟ್ಟೆಯ ಜೊತೆ ಏರಿಳಿಯುವ ಬಡ್ಡಿ ಅನ್ನುವ ಸಾಲ.

ಲೆಕ್ಕಕ್ಕೆ ನೋಡಿ. 3 ಲಕ್ಷ ಡಾಲರ್ ಸಾಲ, ಮೊದಲ ಎರಡು ವರ್ಷ ಶೇ 7 ಬಡ್ಡಿ. ತಿಂಗಳ ಕಂತು ಹೆಚ್ಚುಕಮ್ಮಿ 2,000 ಡಾಲರ್. ಎರಡು ವರ್ಷ ಕಟ್ಟಿದ ಮೇಲೂ ಅಸಲು ಇಳಿದಿರುವುದು ಬರೀ 6 ಸಾವಿರದಷ್ಟು. ಮೂರನೇ ವರ್ಷ ಬಡ್ಡಿ ಶೇ 10 ಆಯಿತು ಅನ್ನಿ. ಕಂತು ಒಮ್ಮೆಲೇ 2,600. ಅದೇ ಮನೆ, ಅದೇ ಸಂಬಳ, ತಿಂಗಳಿಗೆ 600 ಡಾಲರ್ ಜಾಸ್ತಿ.

ಇನ್ನೊಂದು ಬಗೆಯ ಸಾಲದಲ್ಲಿ ತಿಂಗಳಿಗೆ ಎಷ್ಟು ಕಟ್ಟಬೇಕು ಅನ್ನುವುದನ್ನು ಸಾಲಗಾರರೇ ಆರಿಸಿಕೊಳ್ಳಬಹುದಿತ್ತು. ಕನಿಷ್ಠ ಮೊತ್ತ ಕಟ್ಟಿದರೆ ಅದು ಬಡ್ಡಿಗೂ ಸಾಲುತ್ತಿರಲಿಲ್ಲ. ಉಳಿದ ಬಡ್ಡಿ ಅಸಲಿಗೆ ಸೇರುತ್ತಿತ್ತು. ತಿಂಗಳು ತಿಂಗಳು ಹಣ ಕಟ್ಟುತ್ತಲೇ ಸಾಲ ಬೆಳೆಯುತ್ತಿತ್ತು!

ಇಂಥ ಸಾಲ ಯಾಕೆ ತೆಗೆದುಕೊಂಡರು ಅಂತ ಕೇಳುವುದು ಸುಲಭ. ಕಂತು ಏರುವ ಮೊದಲು ಮನೆ ಬೆಲೆ ಏರಿರುತ್ತದೆ, ಆಗ ಹಳೇ ಸಾಲ ತೀರಿಸಿ ಹೊಸದು ಮಾಡಿಕೊಳ್ಳಿ ಅಂತ ಸಾಲ ಮಾರುವವರು ಹೇಳುತ್ತಿದ್ದರು. 2005ರವರೆಗೆ ಅದು ನಡೆದೂ ಇತ್ತು. ಸಾಲ ಕೊಟ್ಟವರಿಗೂ ಭಯವಿರಲಿಲ್ಲ. ಯಾಕಂದ್ರೆ ಅವರು ಆ ಸಾಲಗಳನ್ನು ಕೈಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಸಾವಿರಾರು ಸಾಲಗಳನ್ನು ಕಟ್ಟು ಕಟ್ಟಿ, ಅದರ ಪಾಲುಗಳನ್ನು ದೇಶ ವಿದೇಶದ ಹೂಡಿಕೆದಾರರಿಗೆ ಮಾರಲಾಗುತ್ತಿತ್ತು. ಸಾಲ ಕೊಟ್ಟವರು ಕಮಿಷನ್ ತೆಗೆದುಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ಸಾಲ ಮುಳುಗಿದರೆ ನಷ್ಟ ಇನ್ನೊಬ್ಬರದು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತಿ ದೊಡ್ಡ ತಪ್ಪು ಇದೇ.

ಫೆಡ್ ಬಡ್ಡಿ ಏರಿಸುತ್ತಾ ಹೋಗಿ 2006ರ ಜೂನ್‌ಗೆ ಶೇ 5.25ಕ್ಕೆ ತಂದಿತು. ಕೊಳ್ಳುವವರು ಕಡಿಮೆಯಾದರು. ಬೆಲೆ ಏರುವುದು ನಿಂತಿತು. ಇಳಿಯಬೇಕು ಅಂತೇನೂ ಇರಲಿಲ್ಲ, ನಿಂತಿದ್ದೇ ಸಾಕಾಯಿತು. ಹಳೇ ಸಾಲ ತೀರಿಸಿ ಹೊಸದು ಮಾಡುವ ದಾರಿ ಮುಚ್ಚಿತು. ಏರಿದ ಕಂತು ತಲೆ ಮೇಲೆ ಕೂತಿತು.

ಬಾಗಿಲಿಗೆ ನೋಟಿಸ್ ಬಂದ ಮೇಲೆ

ನೆವಾಡಾದಲ್ಲಿ ಮನೆ ಹರಾಜಿಗೆ ಕೋರ್ಟಿಗೆ ಹೋಗಬೇಕಾಗಿಲ್ಲ. ಸಾಲದ ಪತ್ರ ಮಾಡುವಾಗಲೇ ಟ್ರಸ್ಟೀ ಅನ್ನುವ ಮೂರನೇ ವ್ಯಕ್ತಿಗೆ ಮಾರುವ ಅಧಿಕಾರ ಕೊಟ್ಟಿರುತ್ತಾರೆ. ಕೆಲವು ಕಂತು ತಪ್ಪಿದ ಮೇಲೆ ಕೌಂಟಿಯ ನೋಂದಣಿ ಕಚೇರಿಯಲ್ಲಿ ಬಾಕಿಯ ನೋಟಿಸ್ ದಾಖಲಾಗುತ್ತದೆ. ಅಲ್ಲಿಂದ ಮೂರು ತಿಂಗಳು ಕಳೆದರೆ ಹರಾಜಿನ ನೋಟಿಸ್. ಮೂರು ವಾರ ಪೇಪರಿನಲ್ಲಿ ಪ್ರಕಟಣೆ. ಆಮೇಲೆ ಬಹಿರಂಗ ಹರಾಜು. ಹಣ ಅಲ್ಲೇ ಕಟ್ಟಬೇಕು. ಮನೆಯ ಒಳಗೆ ಏನಿದೆ ಅಂತ ನೋಡುವ ಅವಕಾಶವೂ ಸಾಮಾನ್ಯವಾಗಿ ಇರುವುದಿಲ್ಲ. ಯಾರೂ ಕೂಗದಿದ್ದರೆ ಮನೆ ಬ್ಯಾಂಕಿಗೇ ಬರುತ್ತದೆ. ಕುಸಿತದ ವರ್ಷಗಳಲ್ಲಿ ಹೆಚ್ಚಿನ ಮನೆಗಳು ಹೀಗೇ ಬ್ಯಾಂಕಿನ ಪಾಲಾದವು.

2007ರ ಆರಂಭದಿಂದ ಐದು ವರ್ಷಕ್ಕೂ ಜಾಸ್ತಿ ಕಾಲ ಇಂಥ ನೋಟಿಸುಗಳ ಪ್ರಮಾಣದಲ್ಲಿ ಇಡೀ ದೇಶಕ್ಕೆ ನೆವಾಡಾ ಮೊದಲು. 2010ರ ಒಂದೇ ವರ್ಷದಲ್ಲಿ ಲಾಸ್ ವೇಗಸ್ ಸುತ್ತಮುತ್ತ ಪ್ರತಿ 9 ಮನೆಗಳಲ್ಲಿ ಒಂದಕ್ಕೆ ನೋಟಿಸ್ ಹೋಗಿತ್ತು. ನಿಮ್ಮ ಬೀದಿಯಲ್ಲಿ ಒಂಬತ್ತು ಮನೆ ಎಣಿಸಿ ನೋಡಿದರೆ ಇದರ ತೂಕ ಗೊತ್ತಾಗುತ್ತದೆ.

ಪಕ್ಕದ ಮನೆಯವರಿಗೆ ಆಗಿದ್ದೇನು

ಈಗ ಮೊದಲ ಪ್ರಶ್ನೆಗೆ ಬರೋಣ. ಒಂದು ಬೀದಿಯಲ್ಲಿ 20 ಮನೆ ಇವೆ ಅಂದುಕೊಳ್ಳಿ. ಎಲ್ಲವೂ ಒಂದೇ ಬಿಲ್ಡರ್ ಕಟ್ಟಿದ್ದು, ಒಂದೇ ನಕ್ಷೆ. ಒಂದೊಂದಕ್ಕೂ 2.8 ಲಕ್ಷ ಡಾಲರ್ ಬೆಲೆ. 17 ಮನೆಯವರು ಸರಿಯಾಗಿ ಕಂತು ಕಟ್ಟುತ್ತಿದ್ದಾರೆ. ಮೂರು ಮನೆ ಬ್ಯಾಂಕಿನ ಕೈ ಸೇರಿವೆ.

ಬ್ಯಾಂಕಿಗೆ ಆ ಮನೆಯಲ್ಲಿ ವಾಸ ಮಾಡುವ ಆಸೆ ಇಲ್ಲ. ತಿಂಗಳು ಕಳೆದಷ್ಟೂ ತೆರಿಗೆ, ವಿಮೆ, ರಿಪೇರಿ ಅಂತ ಖರ್ಚು. ಹಾಗಾಗಿ ಬೇಗ ಮಾರುವುದೇ ಲಾಭ. ಮೂರು ಮನೆಗಳನ್ನೂ 1.65 ಲಕ್ಷದಿಂದ 1.8 ಲಕ್ಷದೊಳಗೆ ಮಾರಿ ಕೈ ತೊಳೆದುಕೊಳ್ಳುತ್ತದೆ.

ಆಗ ಆ 17ರಲ್ಲಿ ಒಬ್ಬರಿಗೆ ಬೇರೆ ಊರಿಗೆ ವರ್ಗವಾಗುತ್ತದೆ. ಅವರು ಮನೆ ಮಾರಲು ಹೊರಡುತ್ತಾರೆ. ಕೊಳ್ಳುವವರಿಗೆ ಸಾಲ ಬೇಕು. ಅವರ ಬ್ಯಾಂಕ್ ಬೆಲೆ ಕಟ್ಟಲು ಒಬ್ಬರನ್ನು ಕಳಿಸುತ್ತದೆ. ಬೆಲೆ ಕಟ್ಟುವವರ ವಿಧಾನ ಎಲ್ಲ ಕಡೆ ಒಂದೇ. ಹತ್ತಿರದಲ್ಲಿ, ಇತ್ತೀಚೆಗೆ, ಇದೇ ಥರದ ಮನೆ ಎಷ್ಟಕ್ಕೆ ಹೋಯಿತು? ಅವರಿಗೆ ಸಿಗುವುದು ಬ್ಯಾಂಕ್ ಮಾರಿದ ಆ ಮೂರೇ ಲೆಕ್ಕ. ಹಾಗಾಗಿ ಈ ಮನೆಗೂ 1.75 ಲಕ್ಷ ಅಂತ ಬರೆಯುತ್ತಾರೆ. ಮಾರುವವರ ಸಾಲ ಇನ್ನೂ 2.5 ಲಕ್ಷ ಬಾಕಿ ಇದೆ. ಕೈಯಿಂದ 75 ಸಾವಿರ ಹಾಕಿದರೆ ಮಾತ್ರ ಬಿಡುಗಡೆ. ಅಷ್ಟು ಹಣ ಎಷ್ಟು ಜನರ ಹತ್ತಿರ ಇರುತ್ತದೆ? ಕೊನೆಗೆ ಅವರೂ ಕಂತು ನಿಲ್ಲಿಸುತ್ತಾರೆ. ಅದು ನಾಲ್ಕನೇ ಮನೆ. ಅದು ಇನ್ನೂ ಕಡಿಮೆಗೆ ಹೋಗುತ್ತದೆ, ಐದನೆಯದರ ಬೆಲೆ ಕಟ್ಟುವಾಗ ಅದೂ ಲೆಕ್ಕಕ್ಕೆ ಬರುತ್ತದೆ.

ಕೋಲಾರದ ಟೊಮೆಟೊ ಮಂಡಿಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಒಂದೇ ದಿನ ಲಾರಿಗಟ್ಟಲೆ ಮಾಲು ಬಂದು ಬಿದ್ದರೆ, ವಾಪಸ್ ಒಯ್ಯಲಾಗದ ರೈತ ಸಿಕ್ಕಿದ ಬೆಲೆಗೆ ಕೊಟ್ಟು ಹೋಗುತ್ತಾನೆ. ಆ ದಿನದ ರೇಟು ಅದೇ ಆಗುತ್ತದೆ. ಒಳ್ಳೇ ಮಾಲು ತಂದವನಿಗೂ ಅದರ ಆಸುಪಾಸಿನಲ್ಲೇ ಹರಾಜು ಕೂಗುತ್ತಾರೆ. ಮನೆಯಲ್ಲೂ ಅಷ್ಟೇ. ಊರಿನ ಎಲ್ಲ ಮನೆಗಳ ಬೆಲೆ ನಿಗದಿ ಮಾಡುವುದು ಆ ತಿಂಗಳು ಮಾರಾಟವಾದ ಕೆಲವೇ ಮನೆಗಳು. ಆ ಕೆಲವರು ಮಾರಲೇಬೇಕಾದವರಾಗಿದ್ದರೆ ಉಳಿದವರೆಲ್ಲರ ಆಸ್ತಿ ಕಾಗದದ ಮೇಲೆ ಕರಗುತ್ತದೆ.

ಕಾಗದದ ಮೇಲಷ್ಟೇ ಅಲ್ಲ, ಬೀದಿಯಲ್ಲೂ ಅದು ಕಾಣುತ್ತಿತ್ತು. ಲಾಸ್ ವೇಗಸ್‌ನಲ್ಲಿ ಬೇಸಿಗೆ ಅಂದರೆ 45 ಡಿಗ್ರಿಯ ಹತ್ತಿರ. ಖಾಲಿ ಮನೆಯ ಹುಲ್ಲು ನೀರಿಲ್ಲದೆ ಬೇಗ ಸುಟ್ಟುಹೋಗುತ್ತದೆ. ಹಿತ್ತಿಲ ಈಜುಕೊಳದ ಪಂಪ್ ಕರೆಂಟಿಲ್ಲದೆ ನಿಲ್ಲುತ್ತದೆ. ಕೆಲವೇ ದಿನಕ್ಕೆ ನೀರು ಹಸಿರಾಗಿ ಪಾಚಿ ಕಟ್ಟುತ್ತದೆ, ಆಮೇಲೆ ಸೊಳ್ಳೆ. ಇಂಥ ಕೊಳಗಳ ಮೇಲೆ ದೂರುಗಳು ಎಷ್ಟು ಬಂದವೆಂದರೆ, ಅವುಗಳನ್ನು ಹುಡುಕಿ ಔಷಧಿ ಹಾಕುವುದೇ ಸ್ಥಳೀಯ ಆಡಳಿತಕ್ಕೆ ಒಂದು ಕೆಲಸವಾಯಿತು. ತಾಮ್ರದ ತಂತಿಗೆ, ಏಸಿ ಯಂತ್ರಕ್ಕೆ ಕಳ್ಳರು ನುಗ್ಗಿದರು. ಪಕ್ಕದಲ್ಲಿ ಇಂಥ ಮನೆ ಇದ್ದರೆ ನಿಮ್ಮ ಮನೆ ನೋಡಲು ಬಂದವರು ಕಾರಿನಿಂದ ಇಳಿಯದೇ ಹೋಗಿಬಿಡುತ್ತಾರೆ.

ಮೇಂಟೆನೆನ್ಸ್ ಹಣದ್ದು ಇನ್ನೊಂದು ತಲೆನೋವು. ಅಲ್ಲಿನ ಬಹಳಷ್ಟು ಹೊಸ ಬಡಾವಣೆಗಳಲ್ಲಿ ನಿವಾಸಿಗಳ ಸಂಘವಿದೆ, ತಿಂಗಳ ವಂತಿಗೆ ಇದೆ. ಖಾಲಿ ಮನೆಯಿಂದ ವಂತಿಗೆ ಬರುವುದಿಲ್ಲ. ಪಾರ್ಕ್, ಗೇಟು, ಬೀದಿದೀಪದ ಖರ್ಚು ನಿಲ್ಲುವುದಿಲ್ಲ. ಉಳಿದವರ ಮೇಲೆ ಹೊರೆ ಬೀಳುತ್ತದೆ. ನೆವಾಡಾದ ಕಾನೂನಿನಲ್ಲಿ ಸಂಘದ 9 ತಿಂಗಳ ಬಾಕಿಗೆ ಬ್ಯಾಂಕಿನ ಸಾಲಕ್ಕಿಂತ ಮೊದಲ ಹಕ್ಕು ಇತ್ತು. ಕೆಲವು ಸಂಘಗಳು ಆ ಕೆಲವೇ ಸಾವಿರ ಡಾಲರ್‌ಗಾಗಿ ಮನೆಗಳನ್ನೇ ಹರಾಜು ಹಾಕಿದವು. ಅಂಥ ಹರಾಜಾದರೆ ಬ್ಯಾಂಕಿನ ಅಡಮಾನವೇ ಅಳಿಸಿಹೋಗುತ್ತದೆ ಅಂತ 2014ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಬ್ಯಾಂಕುಗಳು ಬೆಚ್ಚಿಬಿದ್ದವು. ಅದರ ಮೊಕದ್ದಮೆಗಳು ವರ್ಷಗಟ್ಟಲೆ ನಡೆದವು.

ಬಾಡಿಗೆದಾರರ ಕಷ್ಟವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಅವರು ಬಾಡಿಗೆ ಸರಿಯಾಗಿ ಕೊಡುತ್ತಿದ್ದರು. ಮಾಲೀಕರು ಅದನ್ನು ಬ್ಯಾಂಕಿಗೆ ಕಟ್ಟುತ್ತಿರಲಿಲ್ಲ. ಒಂದು ದಿನ ಬಾಗಿಲಿಗೆ ನೋಟಿಸ್ ಅಂಟಿದಾಗಲೇ ವಿಷಯ ಗೊತ್ತಾಗುತ್ತಿತ್ತು. 2009ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಕಾನೂನು ತಂದು, ಇಂಥವರಿಗೆ ಮನೆ ಬಿಡಲು ಕನಿಷ್ಠ 90 ದಿನ ಕೊಡಬೇಕು ಅಂತ ಮಾಡಿತು.

ಕೆಲಸವೂ ಹೋಯಿತು

ಮನೆ ಮಾರಾಟ ನಿಂತರೆ ಮನೆ ಕಟ್ಟುವುದೂ ನಿಲ್ಲುತ್ತದೆ. 2006ರಲ್ಲಿ ಆ ಊರಿನಲ್ಲಿ ಕಟ್ಟಡ ಕೆಲಸದಲ್ಲಿದ್ದವರು ಒಂದು ಲಕ್ಷಕ್ಕೂ ಹೆಚ್ಚು. 2012ರ ಹೊತ್ತಿಗೆ 40 ಸಾವಿರಕ್ಕಿಂತ ಕಡಿಮೆ. ಊರಿನ ಮುಖ್ಯ ರಸ್ತೆಯಲ್ಲಿ ಫಾಂಟೆನ್‌ಬ್ಲೂ ಅನ್ನುವ ಗಗನಚುಂಬಿ ಹೋಟೆಲ್‌ನ ಕೆಲಸ 2009ರಲ್ಲಿ ಅರ್ಧಕ್ಕೆ ನಿಂತಿತು. ಅದು ಬಾಗಿಲು ತೆರೆದಿದ್ದು 2023ರ ಡಿಸೆಂಬರ್‌ನಲ್ಲಿ. ದೇಶದಲ್ಲೆಲ್ಲ ಜನರ ಕೈಯಲ್ಲಿ ಹಣವಿಲ್ಲದ ಕಾರಣ ಪ್ರವಾಸಿಗರೂ ಕಡಿಮೆಯಾದರು. 2010ರಲ್ಲಿ ನಿರುದ್ಯೋಗ ಶೇ 14ರ ಹತ್ತಿರ ಹೋಯಿತು. ಅಷ್ಟು ಹೊತ್ತಿಗೆ ಮನೆ ಕಳೆದುಕೊಳ್ಳುತ್ತಿದ್ದವರು ಸಬ್‌ಪ್ರೈಮ್ ಸಾಲದವರಷ್ಟೇ ಆಗಿರಲಿಲ್ಲ. 30 ವರ್ಷದ ಸ್ಥಿರ ಬಡ್ಡಿಯ ಒಳ್ಳೇ ಸಾಲ ಮಾಡಿದ ಬಡಗಿ, ಎಲೆಕ್ಟ್ರಿಷಿಯನ್, ಹೋಟೆಲ್ ನೌಕರರ ಸರದಿ ಬಂದಿತ್ತು.

ಬ್ಯಾಂಕು ಸ್ವಲ್ಪ ಬಿಟ್ಟುಕೊಡಬಹುದಿತ್ತಲ್ವಾ?

ಹರಾಜಿನಲ್ಲಿ 1.7 ಲಕ್ಷ ಸಿಗುವ ಮನೆಯ 2.5 ಲಕ್ಷದ ಸಾಲವನ್ನು 2 ಲಕ್ಷಕ್ಕೆ ಇಳಿಸಿದರೆ ಎಲ್ಲರಿಗೂ ಒಳ್ಳೆಯದಲ್ವಾ? ಲೆಕ್ಕಕ್ಕೆ ಹೌದು. ಆದರೆ ತೀರ್ಮಾನ ತೆಗೆದುಕೊಳ್ಳಬೇಕಾದವರು ಯಾರು? ಕಂತು ವಸೂಲಿ ಮಾಡುವ ಕಂಪನಿ ಒಂದು. ಸಾಲದ ಪಾಲು ಹಿಡಿದ ಹೂಡಿಕೆದಾರರು ಇನ್ನೆಲ್ಲೋ. ಹಲವರು ಅದೇ ಮನೆಯ ಮೇಲೆ ಎರಡನೇ ಸಾಲವನ್ನೂ ಮಾಡಿದ್ದರು, ಅದನ್ನು ಕೊಟ್ಟವರು ಮತ್ತೊಬ್ಬರು. ಒಬ್ಬರು ಒಪ್ಪಿದರೆ ಇನ್ನೊಬ್ಬರು ಒಪ್ಪುವುದಿಲ್ಲ. ಫೋನ್ ಮಾಡಿದರೆ ಅದೇ ದಾಖಲೆ ಮತ್ತೆ ಕಳಿಸಿ ಅನ್ನುವುದೇ ಉತ್ತರ.

2009ರ ಫೆಬ್ರುವರಿಯಲ್ಲಿ ಒಬಾಮಾ ಸರ್ಕಾರ ಕಂತನ್ನು ಆದಾಯದ ಶೇ 31ಕ್ಕೆ ಇಳಿಸುವ ಯೋಜನೆ ಪ್ರಕಟಿಸಿತು. 30ರಿಂದ 40 ಲಕ್ಷ ಕುಟುಂಬಗಳಿಗೆ ನೆರವು ಅನ್ನುವ ಗುರಿ ಇತ್ತು. 2010ರ ಕೊನೆಗೆ ಕಾಯಂ ಆಗಿ ಕಂತು ಇಳಿದಿದ್ದು ಸುಮಾರು 5 ಲಕ್ಷ ಮನೆಗಳಿಗೆ. ಉಳಿದವರಲ್ಲಿ ಬಹಳ ಜನ ಕಾದು ಕಾದು ಕಂತಿನ ಬಾಕಿ ಬೆಳೆಸಿಕೊಂಡಿದ್ದಷ್ಟೇ ಬಂತು. ಇದನ್ನು ಓದುವಾಗ ಈಗಲೂ ಸಂಕಟವಾಗುತ್ತದೆ.

ನಷ್ಟಕ್ಕೇ ಮಾರಲು ಬ್ಯಾಂಕ್ ಒಪ್ಪುವ ದಾರಿಯೂ ಇತ್ತು. ಬಂದಷ್ಟು ಹಣ ತೆಗೆದುಕೊಂಡು ಅಡಮಾನ ಬಿಡುವುದು. ಇದಕ್ಕೆ ಶಾರ್ಟ್ ಸೇಲ್ ಅನ್ನುತ್ತಾರೆ. ಮೊದಮೊದಲು ಒಪ್ಪಿಗೆಗೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು, ಬರಬರುತ್ತಾ ಇಂಥ ಮಾರಾಟಗಳೇ ಜಾಸ್ತಿಯಾದವು.

ಇದರ ನಡುವೆ ಇನ್ನೊಂದು ಸಂಗತಿ ಹೊರಬಿತ್ತು. ಹರಾಜಿನ ದಾಖಲೆಗಳಿಗೆ ಓದದೆಯೇ ರಾಶಿ ರಾಶಿಯಾಗಿ ಸಹಿ ಹಾಕಲಾಗುತ್ತಿತ್ತು. ನೆವಾಡಾ 2011ರ ಅಕ್ಟೋಬರ್‌ನಿಂದ ಹೊಸ ಕಾನೂನು ಜಾರಿ ಮಾಡಿ, ಸಾಲ ಯಾರದು ಅಂತ ಪ್ರಮಾಣ ಮಾಡಿ ಬರೆದುಕೊಡಬೇಕು, ಸುಳ್ಳಾದರೆ ಅಪರಾಧ ಅಂದಿತು. ಹೊಸ ನೋಟಿಸುಗಳು ತಟ್ಟನೆ ಕುಸಿದವು. 2012ರ ಫೆಬ್ರುವರಿಯಲ್ಲಿ ಐದು ದೊಡ್ಡ ಬ್ಯಾಂಕುಗಳು ಇಂಥ ತಪ್ಪುಗಳ ಬಗ್ಗೆ 49 ರಾಜ್ಯಗಳ ಜೊತೆ ಸುಮಾರು 2,500 ಕೋಟಿ ಡಾಲರ್‌ನ ಒಪ್ಪಂದಕ್ಕೆ ಬಂದವು.

ಆ ಮನೆಗಳನ್ನು ಕೊಂಡವರು ಯಾರು

ಬೆಲೆ ತಳ ಮುಟ್ಟಿದಾಗ ಸಂಬಳದವರಿಗೆ ಸಾಲ ಸಿಗುತ್ತಿರಲಿಲ್ಲ. ಕೈಯಲ್ಲಿ ನಗದು ಇದ್ದವರು ಕೊಂಡರು. 2012, 2013ರಲ್ಲಿ ಅರ್ಧಕ್ಕೂ ಹೆಚ್ಚು ಮಾರಾಟ ನಗದಿನಲ್ಲೇ ನಡೆದ ತಿಂಗಳುಗಳಿವೆ. ಬ್ಲ್ಯಾಕ್‌ಸ್ಟೋನ್ ಅನ್ನುವ ಹೂಡಿಕೆ ಸಂಸ್ಥೆ 2012ರಲ್ಲಿ ಶುರು ಮಾಡಿದ ಇನ್‌ವಿಟೇಶನ್ ಹೋಮ್ಸ್‌ನಂಥ ಕಂಪನಿಗಳು ಬಿಡಿ ಮನೆಗಳನ್ನು ಸಾವಿರಗಟ್ಟಲೆ ಕೊಂಡು ಬಾಡಿಗೆಗೆ ಬಿಟ್ಟವು. ಬೆಲೆ ಇಳಿಯುವುದು ನಿಂತಿದ್ದೂ ಇದರಿಂದಲೇ, ಅದನ್ನು ಒಪ್ಪಬೇಕು. ಆದರೆ ಏರಿಕೆಯ ಲಾಭ ಮನೆ ಕಳೆದುಕೊಂಡವರಿಗೆ ಸಿಗಲಿಲ್ಲ. 2006ರ ಬೆಲೆಯನ್ನು ಊರು ಮತ್ತೆ ಮುಟ್ಟಿದ್ದು 2020ರಲ್ಲಿ.

ನಮ್ಮಲ್ಲಿ ನಿಯಮ ಹೇಗಿದೆ

ಭಾರತದಲ್ಲಿ ಮನೆಯ ಪೂರ್ತಿ ಬೆಲೆಗೆ ಸಾಲ ಸಿಗುವುದಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ 90, 75 ಲಕ್ಷದವರೆಗೆ ಶೇ 80, ಅದಕ್ಕಿಂತ ಜಾಸ್ತಿಯಾದರೆ ಶೇ 75 ಮಿತಿ. ಬೆಲೆ ಸ್ವಲ್ಪ ಇಳಿದರೆ ತಕ್ಷಣ ಮುಳುಗುವುದಿಲ್ಲ. ಏರಿಳಿಯುವ ಬಡ್ಡಿಯ ಮನೆ ಸಾಲವನ್ನು ವ್ಯಕ್ತಿಗಳು ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ ಅನ್ನುವ ನಿಯಮ 2012ರಲ್ಲಿ ಬಂತು.

ಕಂತು 90 ದಿನ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಆಗ ಕೋರ್ಟಿಗೆ ಹೋಗದೆ ಅಡಮಾನದ ಆಸ್ತಿ ಮಾರಲು ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ 60 ದಿನದ ನೋಟಿಸ್ ಕೊಡುತ್ತದೆ. ಅದಕ್ಕೆ ಆಕ್ಷೇಪಣೆ ಬರೆದುಕೊಟ್ಟರೆ ಬ್ಯಾಂಕ್ 15 ದಿನದೊಳಗೆ ಉತ್ತರ ಕೊಡಲೇಬೇಕು. ಆಮೇಲೆ ಸ್ವಾಧೀನ, ಹರಾಜಿನ ನೋಟಿಸ್, ಹರಾಜು. ಸ್ವಾಧೀನದ ಕ್ರಮ ತಪ್ಪು ಅನಿಸಿದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು.

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಹರಾಜಿನ ದಿನದವರೆಗೂ ಹಣ ಕಟ್ಟಿ ಮನೆ ಬಿಡಿಸಿಕೊಳ್ಳಬಹುದು ಅಂತ ಹಲವರು ಅಂದುಕೊಂಡಿರುತ್ತಾರೆ. 2016ರ ತಿದ್ದುಪಡಿಯ ನಂತರ ಆ ಹಕ್ಕು ಹರಾಜಿನ ನೋಟಿಸ್ ಪ್ರಕಟವಾಗುವವರೆಗೆ ಮಾತ್ರ. ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಇದನ್ನೇ ಹೇಳಿತು. ಹರಾಜಿನಲ್ಲಿ ಬಾಕಿಗಿಂತ ಜಾಸ್ತಿ ಬಂದರೆ, ಅದರ ಮೇಲೆ ಬೇರೆ ಯಾರ ಹಕ್ಕೂ ಇಲ್ಲದಿದ್ದರೆ, ಉಳಿದ ಹಣ ಸಾಲಗಾರರಿಗೆ ಸೇರಬೇಕು. ಕಡಿಮೆ ಬಂದರೆ ಮನೆ ಹೋದ ಮೇಲೂ ಬಾಕಿಯನ್ನು ಬ್ಯಾಂಕ್ ಕೇಳಬಹುದು. ಹಾಗಾಗಿ ಕಂತು ಕಷ್ಟವಾದಾಗ ಬ್ಯಾಂಕಿನ ಮುಂದೆ ಬರವಣಿಗೆಯಲ್ಲಿ ಹೇಳಿಕೊಂಡು ಅವಧಿ ಹೆಚ್ಚಿಸಲು ಕೇಳಬೇಕಾದದ್ದು 90 ದಿನ ಮುಗಿಯುವ ಮೊದಲೇ. ಸ್ವಂತ ನಿರ್ಧಾರದಿಂದ, ಪೇಟೆ ಬೆಲೆಗೆ ಮನೆ ಮಾರುವುದಿದ್ದರೂ ಅದೇ ಹೊತ್ತು ಸರಿಯಾದದ್ದು.